ಮಗು ಒಂಬತ್ತನೇ ಗ್ರೇಡಿಗೆ ಬಂತು, ಸ್ಕೂಲ್ ಕೌನ್ಸೆಲರ್ ಹತ್ರ ಏನು ಮಾತಾಡ್ಬೇಕು?

ಇಲ್ಲಿ ಅಮೆರಿಕದಲ್ಲಿ ಮಗು ಹೈಸ್ಕೂಲ್ ಸೇರಿದ ಮೊದಲ ವರ್ಷವೇ ಸ್ಕೂಲಿಂದ ಒಂದು ಇಮೇಲ್ ಬರುತ್ತೆ, ನಿಮ್ಮ ಮಗುವಿನ ನಾಲ್ಕು ವರ್ಷದ ಪ್ಲಾನ್ ಬಗ್ಗೆ ಮಾತಾಡೋಣ, ಕೌನ್ಸೆಲರ್ ಜೊತೆ 20 ನಿಮಿಷ, ಅಂತ. ಮಗಳದ್ದು ಬಂದಾಗ ನಾನು ಒಂದು ಎಕ್ಸೆಲ್ ಶೀಟ್ ರೆಡಿ ಮಾಡ್ಕೊಂಡೇ ಹೋಗಿದ್ದೆ, ಯಾವ ವರ್ಷ ಯಾವ ಎಪಿ (ಕಾಲೇಜ್ ಮಟ್ಟದ ಕೋರ್ಸು), ಯಾವ ಬೇಸಿಗೆ ರಜೆಗೆ ಯಾವ ಕ್ಯಾಂಪ್, ಕಾಲಂಗಳಿಗೆ ಬಣ್ಣ ಬೇರೆ. ಕೌನ್ಸೆಲರ್ ಮೇಡಂ ಅದನ್ನ ನೋಡಿ ನಕ್ಕು, ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗ್ದೇ ಮಗಳನ್ನ ಕೇಳಿದ್ರು, "ಈಗ ತಗೊಂಡಿರೋ ಕ್ಲಾಸಲ್ಲಿ ಯಾವುದರಲ್ಲಿ ಟೈಮ್ ಹೋಗಿದ್ದೇ ಗೊತ್ತಾಗಲ್ಲ?" ಮಗಳು ಸ್ವಲ್ಪ ಹೊತ್ತು ಸುಮ್ನಿದ್ದು "ಸೆರಾಮಿಕ್ಸ್" ಅಂದ್ಲು. ಮಣ್ಣಿನ ಪಾತ್ರೆ ಮಾಡೋ ಕ್ಲಾಸು. ನನ್ನ ಶೀಟಲ್ಲಿ ಸೆರಾಮಿಕ್ಸ್ ಅನ್ನೋದು ಯಾವ ಸಾಲಲ್ಲೂ ಇರ್ಲಿಲ್ಲ.

ಆ ದಿನ ಕಾರಲ್ಲಿ ವಾಪಸ್ ಬರ್ತಾ ನಂಗೆ ಕೋಪಾನೇ ಬಂದಿತ್ತು, 20 ನಿಮಿಷದಲ್ಲಿ 10 ನಿಮಿಷ ಜೇಡಿಮಣ್ಣಿನ ಮಾತಲ್ಲಿ ಹೋಯ್ತಲ್ಲ ಅಂತ. ಈ ಮಗಳು ನಮ್ಮ ಎರಡನೇ ಮಗು, ಅವಳಣ್ಣ ದೊಡ್ಡೋನ ಕಾಲದಲ್ಲಿ ಮಾಡಿದ ತಪ್ಪುಗಳ ಲೆಕ್ಕನೂ ಇದೆ, ಹಾಗಾಗಿ ಈ ಕೌನ್ಸೆಲಿಂಗ್ ಅನ್ನೋದು ಏನು, ಒಂಬತ್ತಕ್ಕೇ ಯಾಕೆ ಶುರು ಮಾಡ್ತಾರೆ ಅನ್ನೋದನ್ನ ನಂಗೆ ಅರ್ಥ ಆದಷ್ಟು ಬರೀತೀನಿ.

ನಮಗೆ ಇದು ತಲೆಗೆ ಹತ್ತದೇ ಇರೋದಕ್ಕೆ ಕಾರಣ ನಾವು ಓದಿ ಬಂದ ಪದ್ಧತಿ. ಎಸ್ಸೆಸ್ಸೆಲ್ಸಿವರೆಗೂ ಎಲ್ಲರಿಗೂ ಹೆಚ್ಚುಕಮ್ಮಿ ಅದೇ ಸಬ್ಜೆಕ್ಟು, ರಿಸಲ್ಟ್ ಬಂದ ವಾರದಲ್ಲಿ ಸೈನ್ಸಾ ಕಾಮರ್ಸಾ ಆರ್ಟ್ಸಾ ಅಂತ ಮನೇಲಿ ತೀರ್ಮಾನ, ಆಮೇಲೆ ಸೆಕೆಂಡ್ ಪಿಯುಸಿ ಮಾರ್ಕ್ಸು, ಸಿಇಟಿ ರ‍್ಯಾಂಕು, ಮುಗೀತು. ಒಂಬತ್ತನೇ ಕ್ಲಾಸಲ್ಲಿ ಎಷ್ಟು ಬಂದಿತ್ತು ಅಂತ ಇವತ್ತಿನವರೆಗೂ ಯಾರೂ ನನ್ನ ಕೇಳಿಲ್ಲ. ಇಲ್ಲಿ ಅದು ಉಲ್ಟಾ. ಹೈಸ್ಕೂಲ್ ಅಂದ್ರೆ 9, 10, 11, 12 ನಾಲ್ಕು ವರ್ಷ, ಫ್ರೆಶ್‌ಮನ್ ಸಾಫಮೋರ್ ಜೂನಿಯರ್ ಸೀನಿಯರ್ ಅಂತ ಕರೀತಾರೆ, ಕಾಲೇಜಿಗೆ ಹೋಗೋ ಟ್ರಾನ್ಸ್‌ಕ್ರಿಪ್ಟ್ ಅನ್ನೋ ಕಾಗದದಲ್ಲಿ ಮೊದಲ ಸಾಲೇ ಒಂಬತ್ತನೇ ಗ್ರೇಡಿಂದು. ಕೊನೇಲಿ ಒಂದು ದೊಡ್ಡ ಪರೀಕ್ಷೆ ಬರೆದು ಹಿಂದಿಂದೆಲ್ಲ ತೊಳ್ಕೊಂಡುಬಿಡ್ತೀನಿ ಅನ್ನೋದು ಇಲ್ಲಿಲ್ಲ.

ಇದರಲ್ಲಿ ಒಂದು ಚಿಕ್ಕ ಲೆಕ್ಕ ಇದೆ, ಅದು ತುಂಬ ಜನರಿಗೆ ಹೊಳಿಯಲ್ಲ. ಕಾಲೇಜಿಗೆ ಅಪ್ಲೈ ಮಾಡೋದು ಹನ್ನೆರಡನೇ ಗ್ರೇಡಿನ ಶುರುವಲ್ಲಿ, ಅಕ್ಟೋಬರ್ ನವೆಂಬರಲ್ಲಿ. ಆ ಹೊತ್ತಿಗೆ ಗ್ರೇಡ್ ಬಂದಿರೋದು ಮೂರೇ ವರ್ಷದ್ದು. ಅಂದ್ರೆ ನಾಲ್ಕರಲ್ಲಿ ಒಂದು ಪಾಲು ಅಂದ್ಕೊಂಡಿದ್ದ ಒಂಬತ್ತನೇ ಗ್ರೇಡು ಆಗ ಮೂರರಲ್ಲಿ ಒಂದು ಪಾಲು. ಎ ಅಂದ್ರೆ 4, ಬಿ ಅಂದ್ರೆ 3, ಸಿ ಅಂದ್ರೆ 2, ಇದರ ಸರಾಸರಿನೇ ಜಿಪಿಎ. ಮೊದಲ ವರ್ಷ ಅರ್ಧ ಬಿ ಅರ್ಧ ಸಿ ಬಂದು 2.5 ಆಯ್ತು ಅಂತಿಟ್ಕೊಳ್ಳಿ, ಮುಂದಿನ ಎರಡೂ ವರ್ಷ ಒಂದೂ ಬಿಡದಂಗೆ ಎ ತಗೊಂಡ್ರೂ ಒಟ್ಟು ಬರೋದು 3.5. ಅದೇ ಮೊದಲ ವರ್ಷ 3.5 ಇದ್ದಿದ್ರೆ 3.83. ಹಾಗಂತ ಎಲ್ಲ ಕಡೆ ಇದೇ ಲೆಕ್ಕ ಅಂತಲ್ಲ. ನಾವಿರೋ ಕ್ಯಾಲಿಫೋರ್ನಿಯಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಎಲ್ಲರ ಬಾಯಲ್ಲಿ ಯುಸಿ, ಜಿಪಿಎ ಲೆಕ್ಕ ಹಾಕೋದು 10 ಮತ್ತೆ 11ನೇ ಗ್ರೇಡಿಂದು ಮಾತ್ರ. ಇದನ್ನ ಕೇಳಿದ ತಕ್ಷಣ ಮಕ್ಕಳು "ಹಂಗಾದ್ರೆ ಒಂಬತ್ತು ಲೆಕ್ಕಕ್ಕಿಲ್ಲ" ಅಂತ ಕುಣೀತಾರೆ, ಆದ್ರೆ ಅದೇ ಯುಸಿ ಕೇಳೋ 15 ಕೋರ್ಸುಗಳ ಪಟ್ಟಿ ಇದೆಯಲ್ಲ, ಎ-ಜಿ ಅಂತ, ಅದರಲ್ಲಿ ಒಂಬತ್ತನೇ ಗ್ರೇಡಿನ ಕ್ಲಾಸೂ ಸೇರುತ್ತೆ, ಸಿ ಅಥವಾ ಅದಕ್ಕಿಂತ ಮೇಲೆ ಬಂದಿದ್ರೆ ಮಾತ್ರ. ಡಿ ಬಂದ್ರೆ ಸ್ಕೂಲಲ್ಲಿ ಪಾಸು, ಯುಸಿ ಕಣ್ಣಿಗೆ ಸಾಮಾನ್ಯವಾಗಿ ಆ ಕ್ಲಾಸ್ ತಗೊಂಡೇ ಇಲ್ಲ.

ನನ್ನ ನಾದಿನಿ ಟೆಕ್ಸಾಸಲ್ಲಿದಾಳೆ. ಅವಳು ಫೋನಲ್ಲಿ "ಅತ್ತಿಗೆ, ನಿಮ್ಮಲ್ಲೇ ವಾಸಿ, ಇಲ್ಲಿ ಒಂಬತ್ತಕ್ಕೆ ಕಾಲಿಡೋಕೆ ಮುಂಚೆನೇ ಎಂಡಾರ್ಸ್‌ಮೆಂಟ್ ಅಂತ ಆರಿಸ್ಬೇಕು" ಅಂತಾಳೆ. ನಿಜ, ಟೆಕ್ಸಾಸಲ್ಲಿ 2013ರಲ್ಲಿ ಬಂದ ಕಾನೂನಿನ ಪ್ರಕಾರ ಮಗು ಐದರಲ್ಲಿ ಒಂದು ದಾರಿ ಗುರುತು ಹಾಕ್ಬೇಕು, ಸ್ಟೆಮ್ (ಸೈನ್ಸ್, ಟೆಕ್ನಾಲಜಿ, ಇಂಜಿನಿಯರಿಂಗ್, ಗಣಿತ), ಬಿಸಿನೆಸ್ ಮತ್ತೆ ಇಂಡಸ್ಟ್ರಿ, ಪಬ್ಲಿಕ್ ಸರ್ವಿಸ್, ಕಲೆ ಮತ್ತೆ ಮಾನವಿಕ, ಇಲ್ಲಾಂದ್ರೆ ಎಲ್ಲ ಸೇರಿದ ಮಲ್ಟಿಡಿಸಿಪ್ಲಿನರಿ. ಆಮೇಲೆ ಬದಲಾಯಿಸ್ಬಹುದು, ಆದ್ರೆ ಮೊದಲು ಆರಿಸ್ಲೇಬೇಕು. ಮೇಲಿಂದ ಅಲ್ಲಿ ಕ್ಲಾಸ್ ರ‍್ಯಾಂಕಿನ ತಲೆನೋವು ಬೇರೆ, 1997ರ ಟಾಪ್ 10 ಪರ್ಸೆಂಟ್ ಕಾನೂನಿಂದ ಆ ರ‍್ಯಾಂಕ್ ಒಳಗಿದ್ರೆ ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ನೇರ ಸೀಟು, ಆಸ್ಟಿನ್ನಲ್ಲಿರೋ ಯೂನಿವರ್ಸಿಟಿ ಆಫ್ ಟೆಕ್ಸಾಸಿಗೆ ಮಾತ್ರ ಅದನ್ನೂ ಬಿಗಿ ಮಾಡಿ 2026ರಿಂದ ಟಾಪ್ 5 ಪರ್ಸೆಂಟಿಗೆ ತಂದಿದಾರೆ. ವಾಷಿಂಗ್ಟನ್ ರಾಜ್ಯದಲ್ಲಂತೂ ಮುಂದೇನು ಅನ್ನೋ ಪ್ಲಾನನ್ನ ಬರೆದು ಇಡದೇ ಹೋದ್ರೆ ಗ್ರಾಜುಯೇಷನ್ನೇ ಇಲ್ಲ. ಒಂದೊಂದು ರಾಜ್ಯದ್ದು ಒಂದೊಂದು ರಾಗ, ಅದಕ್ಕೇ ಬೇರೆ ಊರಿನ ಫ್ರೆಂಡ್ ಕಳಿಸಿದ ವಾಟ್ಸಾಪ್ ಫಾರ್ವರ್ಡ್ ನೋಡ್ಕೊಂಡು ಪ್ಲಾನ್ ಮಾಡಕ್ಕಾಗಲ್ಲ, ನಿಮ್ಮ ಸ್ಕೂಲಿನ ಕೌನ್ಸೆಲರೇ ಬೇಕು.

ಸರಿ, ಈ ಕೌನ್ಸೆಲರ್ ಅನ್ನೋರು ಯಾರು? ಟೀಚರ್ರೂ ಅಲ್ಲ ಪ್ರಿನ್ಸಿಪಾಲೂ ಅಲ್ಲ. ಕೌನ್ಸೆಲಿಂಗಲ್ಲಿ ಮಾಸ್ಟರ್ಸ್ ಮಾಡಿ ರಾಜ್ಯದ ಲೈಸೆನ್ಸೋ ಕ್ರೆಡೆನ್ಷಿಯಲ್ಲೋ ತಗೊಂಡೋರೇ ಜಾಸ್ತಿ. ಇದರ ಬೇರು ಇರೋದು ಬಾಸ್ಟನ್ನಲ್ಲಿ. 1908ರಲ್ಲಿ ಫ್ರ್ಯಾಂಕ್ ಪಾರ್ಸನ್ಸ್ ಅನ್ನೋರು ಅಲ್ಲಿ ವೊಕೇಷನ್ ಬ್ಯೂರೋ ಅಂತ ಶುರು ಮಾಡಿದ್ರು, ಕೆಲಸ ಹುಡುಕ್ತಾ ಅಲೀತಿದ್ದ ಹುಡುಗರನ್ನ ಕೂರಿಸ್ಕೊಂಡು ಮೊದಲು ನಿನ್ನನ್ನ ನೀನು ತಿಳ್ಕೋ, ಆಮೇಲೆ ಕೆಲಸ ಏನು ಅಂತ ತಿಳ್ಕೋ, ಆಮೇಲೆ ಎರಡನ್ನೂ ತಾಳೆ ಹಾಕು ಅನ್ನೋದು ಅವರ ಸೂತ್ರ. ಆಮೇಲೆ 1957ರಲ್ಲಿ ರಷ್ಯಾದೋರು ಸ್ಪುಟ್ನಿಕ್ ಹಾರಿಸಿದ್ರು, ಅಮೆರಿಕಕ್ಕೆ ಗಾಬರಿ ಆಯ್ತು, ಮರುವರ್ಷನೇ ನ್ಯಾಷನಲ್ ಡಿಫೆನ್ಸ್ ಎಜುಕೇಷನ್ ಆಕ್ಟ್ ಅಂತ ಕಾನೂನು ತಂದು, ಸೈನ್ಸಲ್ಲಿ ಚುರುಕಾಗಿರೋ ಮಕ್ಕಳನ್ನ ಹುಡುಕಿ ಕಾಲೇಜಿಗೆ ಕಳಿಸೋದಕ್ಕೆ ಅಂತ ಕೌನ್ಸೆಲರ್‌ಗಳ ಟ್ರೈನಿಂಗಿಗೆ ದುಡ್ಡು ಸುರಿದ್ರು. ಒಂದು ಉಪಗ್ರಹದಿಂದಾಗಿ ಪ್ರತಿ ಹೈಸ್ಕೂಲಲ್ಲೂ ಆ ಪುಟ್ಟ ಆಫೀಸ್ ಬಂತು ಅಂದ್ರೂ ತಪ್ಪಿಲ್ಲ.

ಈಗ ಅವರ ಕೆಲಸ ಮೂರು ಥರ: ಓದು, ಮುಂದಿನ ಉದ್ಯೋಗ, ಮತ್ತೆ ಮಗುವಿನ ಮನಸ್ಸು. ಬೆಳಗ್ಗೆ ಒಂದು ಮಗು ಅಳ್ತಾ ಬಂದು ಕೂತಿರುತ್ತೆ, ಅದಾದ್ಮೇಲೆ ಟೈಮ್‌ಟೇಬಲ್ ಕ್ಲ್ಯಾಶ್ ಆಗಿರೋ ಇನ್ನೊಂದು, ಮಧ್ಯಾಹ್ನ ಸೀನಿಯರ್ ಮಕ್ಕಳ ರೆಕಮೆಂಡೇಷನ್ ಲೆಟರ್. ಅಮೆರಿಕನ್ ಸ್ಕೂಲ್ ಕೌನ್ಸೆಲರ್ ಅಸೋಸಿಯೇಷನ್ ಹೇಳೋದು ಒಬ್ಬ ಕೌನ್ಸೆಲರಿಗೆ 250 ಮಕ್ಕಳಿರ್ಬೇಕು ಅಂತ, ಆದ್ರೆ 2022-23ರಲ್ಲಿ ದೇಶದ ಸರಾಸರಿ ಇದ್ದಿದ್ದು 385. ಅಷ್ಟು ಮಕ್ಕಳಿಗೆ ತಲಾ 20 ನಿಮಿಷ ಅಂದ್ರೂ 128 ಗಂಟೆ, ದಿನಕ್ಕೆ ಎಂಟು ಗಂಟೆ ಲೆಕ್ಕದಲ್ಲಿ ಬೇರೇನೂ ಮಾಡ್ದೇ 16 ದಿನ. ಹಾಗಾಗಿ ಫ್ರೆಶ್‌ಮನ್ ಮಗುವಿಗೆ ವರ್ಷಕ್ಕೆ ಒಂದೋ ಎರಡೋ ಭೇಟಿ ಸಿಕ್ರೆ ಅದೇ ಜಾಸ್ತಿ, ಉಳಿದಿದ್ದು ಕ್ಲಾಸಿಗೇ ಬಂದು ಒಟ್ಟಿಗೆ ಹೇಳಿ ಹೋಗ್ತಾರೆ. ಸುಮಾರು ಸ್ಕೂಲಲ್ಲಿ ಯಾವ ಮಗುವಿಗೆ ಯಾವ ಕೌನ್ಸೆಲರ್ ಅಂತ ಲಾಸ್ಟ್ ನೇಮಿನ ಅಕ್ಷರದ ಮೇಲೆ ಹಂಚ್ತಾರೆ. ನಮ್ಮನೇಲಿ ದೊಡ್ಡೋನ ಪಾಸ್‌ಪೋರ್ಟಲ್ಲಿ ಲಾಸ್ಟ್ ನೇಮ್ ಅಂತ ಅವರಪ್ಪನ ಹೆಸರು, ಇಲ್ಲಿ ಹುಟ್ಟಿದ ಮಗಳಿಗೆ ಊರಿನ ಹೆಸರು, ಹಿಂಗಾಗಿ ಅಣ್ಣ ತಂಗಿಗೆ ಬೇರೆ ಬೇರೆ ಕೌನ್ಸೆಲರ್, ನಾನು ಒಬ್ಬರ ಹತ್ರ ಕಲಿತಿದ್ದನ್ನ ಇನ್ನೊಬ್ಬರ ಹತ್ರ ಮತ್ತೆ ಅಆಇಈ ಇಂದ ಶುರು ಮಾಡ್ಬೇಕಾಯ್ತು.

ಒಂಬತ್ತನೇ ಗ್ರೇಡಲ್ಲಿ ಇವರು ಮಾಡೋ ಅತಿ ಮುಖ್ಯ ಕೆಲಸ ಅಂದ್ರೆ, ನನ್ನ ಪ್ರಕಾರ, ಮಗು ಏನಾಗ್ಬೇಕು ಅಂತ ತೀರ್ಮಾನ ಮಾಡೋದಲ್ಲವೇ ಅಲ್ಲ. ಹದಿನಾಲ್ಕು ವರ್ಷದ ಮಗು ಗೊತ್ತಿಲ್ಲದೇ ಯಾವ ದಾರಿನೂ ಮುಚ್ಚಿಕೊಂಡುಬಿಡದ ಹಾಗೆ ನೋಡ್ಕೊಳ್ಳೋದು. ದಾರಿ ಹೆಂಗೆ ಮುಚ್ಚುತ್ತೆ ಅಂದ್ರೆ ಕ್ಲಾಸುಗಳೆಲ್ಲ ಒಂದರ ಹಿಂದೆ ಒಂದು ಕಟ್ಟಿರೋ ರೈಲು ಬೋಗಿ ಇದ್ದಂಗೆ. ಗಣಿತನೇ ತಗೊಳ್ಳಿ, ಸಾಮಾನ್ಯವಾಗಿ ಆಲ್ಜಿಬ್ರಾ 1, ಜಾಮೆಟ್ರಿ, ಆಲ್ಜಿಬ್ರಾ 2, ಪ್ರೀಕ್ಯಾಲ್ಕುಲಸ್, ಅದಾದ್ಮೇಲೆ ಕ್ಯಾಲ್ಕುಲಸ್. ವರ್ಷಕ್ಕೊಂದು ಬೋಗಿ. ಒಂಬತ್ತರಲ್ಲಿ ಆಲ್ಜಿಬ್ರಾ 1 ಇಂದ ಹತ್ತಿದ ಮಗು ಹನ್ನೆರಡಕ್ಕೆ ಪ್ರೀಕ್ಯಾಲ್ಕುಲಸಲ್ಲಿ ಇಳಿಯುತ್ತೆ, ಕ್ಯಾಲ್ಕುಲಸ್ ಸ್ಟೇಷನ್ ಬರೋದೇ ಇಲ್ಲ, ಮಧ್ಯೆ ಸಮ್ಮರಲ್ಲಿ ಒಂದು ಮುಗಿಸ್ದೇ ಹೋದ್ರೆ. ಇಂಜಿನಿಯರಿಂಗ್ ಬೇಕು ಅಂತ ಹನ್ನೊಂದರಲ್ಲಿ ಜ್ಞಾನೋದಯ ಆದ್ರೆ ಆಗ ಓಡಬೇಕು. ಅದಕ್ಕೆ ಕೌನ್ಸೆಲರ್ ಒಂಬತ್ತರಲ್ಲೇ ನಾಲ್ಕು ಕಾಲಂ ಇರೋ ಒಂದು ಹಾಳೆ ಕೊಟ್ಟು ಮಗು ಕೈಲೇ ತುಂಬಿಸ್ತಾರೆ. ನಮ್ಮ ಸ್ಕೂಲಲ್ಲಿ ಅದನ್ನ ಪೆನ್ಸಿಲಲ್ಲೇ ಬರೀಬೇಕು ಅನ್ನೋದು ರೂಲ್ಸು, ನಂಗೆ ಅದು ಬಹಳ ಹಿಡಿಸ್ತು.

ಭಾಷೆದು ನಮ್ಮನೇ ಕಥೆ. ಎ-ಜಿ ಪಟ್ಟಿಲಿ ಇಂಗ್ಲಿಷ್ 4 ವರ್ಷ, ಗಣಿತ 3, ಲ್ಯಾಬ್ ಇರೋ ಸೈನ್ಸ್ 2, ಇತಿಹಾಸ 2, ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ 2, ಕಲೆ 1, ಜೊತೆಗೊಂದು ಎಲೆಕ್ಟಿವ್, ಒಟ್ಟು 15. ಇದು ಕಮ್ಮಿ ಅಂದ್ರೆ ಇಷ್ಟು, ಗಣಿತ 4, ಸೈನ್ಸ್ 3, ಭಾಷೆ 3 ಇದ್ರೆ ಒಳ್ಳೇದು ಅಂತ ಅವರೇ ಹೇಳ್ತಾರೆ. ದೊಡ್ಡೋನು ಒಂಬತ್ತರಲ್ಲಿ ಆರ್ಕೆಸ್ಟ್ರಾ ಮತ್ತೆ ಕಂಪ್ಯೂಟರ್ ತಗೊಂಡ, ಸ್ಪ್ಯಾನಿಷಿಗೆ ಜಾಗ ಇರ್ಲಿಲ್ಲ, ಮುಂದಿನ ವರ್ಷ ನೋಡೋಣ ಅಂದ್ವಿ, ಮುಂದಿನ ವರ್ಷನೂ ಅದೇ ಆಯ್ತು. ಕೊನೆಗೆ ಹನ್ನೊಂದರಲ್ಲಿ ಸ್ಪ್ಯಾನಿಷ್ 1, ಅದೂ ಅವನಿಗಿಂತ ಎರಡು ವರ್ಷ ಚಿಕ್ಕ ಮಕ್ಕಳ ಮಧ್ಯೆ ಕೂತ್ಕೊಂಡು, ಹನ್ನೆರಡರಲ್ಲಿ ಸ್ಪ್ಯಾನಿಷ್ 2. ಅವನು ಆಸೆಪಟ್ಟಿದ್ದ ಎಪಿ ಫಿಸಿಕ್ಸ್ ಅದೇ ಪೀರಿಯಡಲ್ಲಿತ್ತು, ಹೋಯ್ತು. ಆಮೇಲೆ ಹಳೇ ಮೇಲ್ ತೆಗೆದು ನೋಡಿದ್ರೆ, ಒಂಬತ್ತನೇ ಗ್ರೇಡಿನ ಜನವರಿಲೇ ಕೌನ್ಸೆಲರ್ ಇದನ್ನ ಬರೆದು ಕಳಿಸಿದ್ರು, ಸ್ಕೂಲ್ ನ್ಯೂಸ್‌ಲೆಟರ್ ಅಂದ್ಕೊಂಡು ನಾನೇ ತೆಗೆದಿರ್ಲಿಲ್ಲ. ಯಾರನ್ನ ಬಯ್ಯೋದು.

ಕನ್ನಡ ಮನೆಗಳಲ್ಲಿ ಇನ್ನೊಂದು ವಿಷಯ ಕೌನ್ಸೆಲರ್ ಹತ್ರ ಕೇಳ್ಬೇಕು. ಮನೇಲಿ ಅಥವಾ ವಾರಾಂತ್ಯದ ಕನ್ನಡ ಶಾಲೇಲಿ ಕಲ್ತಿದ್ದಕ್ಕೆ ಭಾಷೆಯ ಕ್ರೆಡಿಟ್ ಸಿಗುತ್ತಾ, ಸೀಲ್ ಆಫ್ ಬೈಲಿಟರಸಿಗೆ ಲೆಕ್ಕಕ್ಕೆ ಬರುತ್ತಾ ಅಂತ. ಎರಡು ಭಾಷೆ ಚೆನ್ನಾಗಿ ಬರೋ ಮಕ್ಕಳಿಗೆ ಡಿಪ್ಲೊಮಾ ಮೇಲೆ ಹಾಕೋ ಮುದ್ರೆ ಅದು, 2011ರಲ್ಲಿ ಕಾನೂನು ಮಾಡಿ ಇದನ್ನ ಮೊದಲು ತಂದಿದ್ದೇ ಕ್ಯಾಲಿಫೋರ್ನಿಯಾ. ಕನ್ನಡವನ್ನ ಒಪ್ಪೋ ರೀತಿ ಡಿಸ್ಟ್ರಿಕ್ಟಿಂದ ಡಿಸ್ಟ್ರಿಕ್ಟಿಗೆ ಬೇರೆ, ಅದಕ್ಕೇ ಒಂಬತ್ತರಲ್ಲೇ ಕೇಳಿ ಅಂದಿದ್ದು.

ಇನ್ನು ಕರಿಯರ್. ಇಲ್ಲಿ ಮಕ್ಕಳಿಗೆ ನ್ಯಾವಿಯನ್ಸ್, ಸ್ಕೊಯರ್, ಝೆಲ್ಲೊ ಅಂತ ಯಾವುದೋ ಒಂದು ಸಾಫ್ಟ್‌ವೇರಲ್ಲಿ ಲಾಗಿನ್ ಕೊಟ್ಟಿರ್ತಾರೆ, ಅದರಲ್ಲೊಂದು ಕ್ವಿಜ್ ಇರುತ್ತೆ, ಯಂತ್ರ ಬಿಚ್ಚಿ ಜೋಡಿಸೋದು ಇಷ್ಟಾನಾ, ಚಿಕ್ಕ ಮಕ್ಕಳಿಗೆ ಪಾಠ ಹೇಳೋದು ಇಷ್ಟಾನಾ, ಈ ಥರ. ಹೆಚ್ಚಿನವುಗಳ ಹಿಂದೆ ಇರೋದು ಜಾನ್ ಹಾಲೆಂಡ್ ಅನ್ನೋ ಮನಶ್ಶಾಸ್ತ್ರಜ್ಞರು 1959ರಿಂದ ಬೆಳೆಸ್ಕೊಂಡು ಬಂದ ಸಿದ್ಧಾಂತ, ಜನರ ಆಸಕ್ತಿಗಳನ್ನ ಆರು ಗುಂಪು ಮಾಡಿದ್ರು: ಕೈಯಲ್ಲಿ ಮಾಡೋದು, ಕೆದಕಿ ತಿಳ್ಕೊಳ್ಳೋದು, ಕಲೆ, ಜನರಿಗೆ ನೆರವಾಗೋದು, ಮುಂದೆ ನಿಂತು ನಡೆಸೋದು, ಅಚ್ಚುಕಟ್ಟಾಗಿ ಲೆಕ್ಕ ಇಡೋದು. ನಿಮ್ಮ ಸ್ಕೂಲಲ್ಲಿ ಸಾಫ್ಟ್‌ವೇರ್ ಇಲ್ಲದಿದ್ರೆ ಲೇಬರ್ ಡಿಪಾರ್ಟ್‌ಮೆಂಟಿನ ಓ-ನೆಟ್ ಸೈಟಲ್ಲಿ ಇದೇ ಥರ 60 ಪ್ರಶ್ನೆಗಳದ್ದು ಫ್ರೀಯಾಗೇ ಸಿಗುತ್ತೆ.

ಈ ಕ್ವಿಜನ್ನ ಜಾತಕ ಓದಿದಂಗೆ ಓದಬಾರ್ದು. ಮಗಳಿಗೆ ಬಂದ ಪಟ್ಟಿಲಿ ಮೊದಲನೇದು "ಮ್ಯೂಸಿಯಂ ಕನ್ಸರ್ವೇಟರ್". ಊರಲ್ಲಿರೋ ನಮ್ಮತ್ತೆ ವಿಡಿಯೋ ಕಾಲಲ್ಲಿ ಕೇಳಿಸ್ಕೊಂಡು "ಅಂದ್ರೆ ಹಳೇ ಸಾಮಾನು ಒರೆಸೋ ಕೆಲಸಾನಾ? ಅದಕ್ಕೆ ಅಮೆರಿಕಕ್ಕೆ ಹೋಗ್ಬೇಕಿತ್ತಾ?" ಅಂದ್ರು. ಕೌನ್ಸೆಲರ್ ಮಾತ್ರ ಕೆಲಸದ ಹೆಸರನ್ನ ಬಿಟ್ಟು ಅದರ ಹಿಂದೆ ಏನಿದೆ ಅಂತ ನೋಡಿದ್ರು. ಕೈಕೆಲಸ ಇಷ್ಟ, ಯಾಕೆ ಹಿಂಗಾಗುತ್ತೆ ಅಂತ ಕೆದಕೋದು ಇಷ್ಟ, ಕಲೆನೂ ಇಷ್ಟ. ಸೆರಾಮಿಕ್ಸಲ್ಲಿ ನಿಂಗೆ ಯಾವ ಭಾಗ ಇಷ್ಟ ಅಂತ ಮತ್ತೆ ಕೇಳಿದ್ರು. ಅವಳು ಹೇಳಿದ್ದು ಪಾತ್ರೆ ಮೇಲೆ ಹಚ್ಚೋ ಹೊಳಪಿನ ಲೇಪ, ಗ್ಲೇಜ್ ಬಗ್ಗೆ, ಹಚ್ಚುವಾಗ ಬೂದಿ ಬಣ್ಣ, ಭಟ್ಟಿಯಿಂದ ತೆಗೆದಾಗ ಕಡುನೀಲಿ, ಅದು ಯಾಕೆ ಹಂಗೆ ಅಂತ. ಆಗ ಅವರು, ಮೆಟೀರಿಯಲ್ಸ್ ಸೈನ್ಸ್ ಅಂತ ಒಂದು ಇಂಜಿನಿಯರಿಂಗ್ ಇದೆ, ಅದರಲ್ಲಿ ಸೆರಾಮಿಕ್ಸ್ ಅನ್ನೋದೇ ಒಂದು ಕವಲು, ಕಂಪ್ಯೂಟರ್ ಚಿಪ್ಪಿಂದ ಹಿಡಿದು ಕೃತಕ ಹಲ್ಲಿನವರೆಗೂ ಅದೇ, ಅಂದ್ರು, ಅದಕ್ಕೆ ಕೆಮಿಸ್ಟ್ರಿ ಬೇಕು, ಮುಂದಿನ ವರ್ಷಕ್ಕೆ ಹಾಕ್ಕೊಳ್ತೀಯಾ? ನಾನು ಮೂರು ತಿಂಗಳಿಂದ ಕೆಮಿಸ್ಟ್ರಿ ತಗೋ ಅಂತ ಗೋಗರೆದಿದ್ರೂ ಮುಖ ತಿರುಗಿಸ್ತಿದ್ದೋಳು ಅಲ್ಲೇ ತಲೆ ಆಡಿಸಿದ್ಲು.

ಡಾಕ್ಟರ್ ಆಗ್ಬೇಕು ಅನ್ನೋ ಮನೆಗಳಿಗೆ ಒಂದು ಮಾತು. ಇಲ್ಲಿ ಪಿಸಿಎಂಬಿ ಅನ್ನೋ ಗುಂಪಿಲ್ಲ, ಹನ್ನೆರಡು ಮುಗಿಸಿ ನೇರ ಮೆಡಿಕಲ್ಲಿಗೆ ಹೋಗೋದೂ ಸಾಮಾನ್ಯ ದಾರಿ ಅಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಅದು ಇತಿಹಾಸದಲ್ಲಾದ್ರೂ ಆಗ್ಬಹುದು, ಬೇಕಾದ ಸೈನ್ಸ್ ಕೋರ್ಸುಗಳನ್ನ ಜೊತೆಗೆ ಮುಗಿಸಿ ಎಂಕ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ಆಮೇಲೆ ಮೆಡಿಕಲ್ ಸ್ಕೂಲ್. ಲಾಯರಿಗೂ ಅಷ್ಟೇ, ಡಿಗ್ರಿ ಆದ್ಮೇಲೆ. ಡಿಗ್ರಿ, ಮೆಡಿಕಲ್ ಎರಡೂ ಸೇರಿಸಿದ ಬಿಎಸ್-ಎಂಡಿ ಅಂತ ಇದೆ, ಸೀಟು ಬೆರಳೆಣಿಕೆ. ಹಾಗಾಗಿ ಒಂಬತ್ತನೇ ಗ್ರೇಡಲ್ಲಿ ಸೆರಾಮಿಕ್ಸ್ ತಗೊಂಡ್ರೆ ಡಾಕ್ಟರಿಕೆ ತಪ್ಪೋಯ್ತು ಅಂತ ಹೆದರೋ ಹಂಗಿಲ್ಲ, ಅದೂ ಅಲ್ದೇ ಎ-ಜಿಲಿ ಕೇಳೋ ಒಂದು ವರ್ಷದ ಕಲೆ ಅದರಲ್ಲೇ ಮುಗಿಯುತ್ತೆ. ನಾಲ್ಕು ವರ್ಷದ ಕಾಲೇಜು ಬೇಡ ಅನ್ನೋ ಮಗುವಿಗೂ ಕೌನ್ಸೆಲರ್ ಹತ್ರ ದಾರಿ ಇರುತ್ತೆ, ಸಿಟಿಇ ಅಂತ ವೃತ್ತಿ ಕೋರ್ಸು, ಅಪ್ರೆಂಟಿಸ್‌ಶಿಪ್, ಕಮ್ಯುನಿಟಿ ಕಾಲೇಜಲ್ಲಿ ಎರಡು ವರ್ಷ ಓದಿ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗೋದು. ನಮ್ಮೋರು ಈ ಕೊನೇದನ್ನ ಕೇಳಿದ್ರೆ ಮೂಗು ಮುರೀತಾರೆ. ಆದ್ರೆ ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿಂದ ಆರು ಯುಸಿ ಕ್ಯಾಂಪಸ್‌ಗಳು ಷರತ್ತು ಪೂರೈಸಿದೋರಿಗೆ ಗ್ಯಾರಂಟಿ ಸೀಟು ಕೊಡ್ತವೆ, ಖರ್ಚಲ್ಲೂ ಎಷ್ಟೋ ಉಳಿತಾಯ.

"ಏನ್ರೀ, ನಿಮ್ಮ ಮಗಳು ಎಷ್ಟು ಎಪಿ ತಗೊಂಡಿದಾಳೆ?" ಸತ್ಯನಾರಾಯಣ ಪೂಜೆಗೆ ಹೋದ್ರೂ ಪ್ರಸಾದ ಕೈಗೆ ಬರೋಕೆ ಮುಂಚೆ ಈ ಪ್ರಶ್ನೆ ಬರುತ್ತೆ. ಎಪಿ ಅಂದ್ರೆ ಕಾಲೇಜ್ ಮಟ್ಟದ ಕೋರ್ಸು, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಸ್ಕೋರು. ಒಂಬತ್ತರಲ್ಲಿ ಹ್ಯೂಮನ್ ಜಿಯಾಗ್ರಫಿ ಥರ ಒಂದೋ ಎರಡೋ ಮಾತ್ರ ಸಾಮಾನ್ಯವಾಗಿ ಸಿಗೋದು, ಎಷ್ಟೋ ಸ್ಕೂಲಲ್ಲಿ ಅದೂ ಇಲ್ಲ. ಇಲ್ಲದಿದ್ರೆ ಮಗು ಹಿಂದೆ ಬಿತ್ತು ಅಂತಲ್ಲ, ಯಾಕಂದ್ರೆ ಟ್ರಾನ್ಸ್‌ಕ್ರಿಪ್ಟ್ ಜೊತೆ ಸ್ಕೂಲ್ ಪ್ರೊಫೈಲ್ ಅಂತ ಇನ್ನೊಂದು ಕಾಗದ ಹೋಗುತ್ತೆ, ಈ ಸ್ಕೂಲಲ್ಲಿ ಏನೇನು ಸಿಗುತ್ತೆ ಅಂತ. ಕಾಮನ್ ಆ್ಯಪ್ ಅಂತ ಎಷ್ಟೋ ಕಾಲೇಜುಗಳಿಗೆ ಒಂದೇ ಅರ್ಜಿ ಇದೆ, ಅದರ ಮೂಲಕ ಹಾಕಿದ್ರೆ ಕೌನ್ಸೆಲರ್ ಒಂದು ರಿಪೋರ್ಟ್ ತುಂಬ್ತಾರೆ, ಅದರಲ್ಲೊಂದು ಪ್ರಶ್ನೆ, ನಿಮ್ಮ ಸ್ಕೂಲಲ್ಲಿ ಸಿಗೋದಕ್ಕೆ ಹೋಲಿಸಿದ್ರೆ ಈ ಮಗು ಆರಿಸ್ಕೊಂಡ ಕ್ಲಾಸುಗಳು ಎಷ್ಟು ಕಠಿಣ ಅಂತ. ಪಕ್ಕದ ಊರಿನ ಸ್ಕೂಲಲ್ಲಿ 25 ಎಪಿ ಇದ್ರೆ ಅದು ಪಕ್ಕದ ಊರಿನ ಮಕ್ಕಳ ಲೆಕ್ಕ.

ಅದೇ ಅರ್ಜಿಲಿ ಆ್ಯಕ್ಟಿವಿಟಿ ಬರೆಯೋಕೆ ಇರೋದು ಹತ್ತೇ ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ, ಈ ಪ್ಯಾರಾದ ಮೊದಲ ಎರಡು ಸಾಲಿನಷ್ಟು ಅನ್ಕೊಳ್ಳಿ. ಪಕ್ಕದಲ್ಲೇ 9, 10, 11, 12 ಅಂತ ಚಿಕ್ಕ ಚಿಕ್ಕ ಚೌಕ, ಯಾವ್ಯಾವ ವರ್ಷ ಮಾಡಿದೆ ಅಂತ ಟಿಕ್ ಮಾಡೋಕೆ. ಒಂಬತ್ತರ ಚೌಕ ತುಂಬಲಿ ಅಂತ ಸುಮ್ಸುಮ್ನೆ ಏಳು ಕ್ಲಬ್ಬಿಗೆ ಹೆಸರು ಕೊಡಿಸೋದು, ಮಗು ಹೆಸರಲ್ಲಿ ಅಪ್ಪ ಅಮ್ಮನೇ ಎನ್‌ಜಿಒ ಶುರು ಮಾಡೋದು, ಇದನ್ನೆಲ್ಲ ನೋಡಿ ನೋಡಿ ಕೌನ್ಸೆಲರ್‌ಗಳಿಗೂ ಸಾಕಾಗಿದೆ. ಒಂದೋ ಎರಡೋ ಹಿಡಿದು ನಾಲ್ಕು ವರ್ಷ ಬಿಡದೇ ಇದ್ದಿದ್ರೆ ಅದೇ ಸಾಕು. ಅಮ್ಮಮ್ಮನಿಗೆ ಹುಷಾರಿಲ್ಲ ಅಂತ ಸಂಜೆ ಮನೇಲಿ ನೋಡ್ಕೊಳ್ಳೋದು, ತಮ್ಮನ್ನ ಸ್ಕೂಲಿಂದ ಕರ್ಕೊಂಡ್ ಬರೋದು, ಅದನ್ನೂ ಬರೀಬಹುದು. ಎಸ್‌ಎಟಿ ಅನ್ನೋ ಕಾಲೇಜ್ ಪ್ರವೇಶ ಪರೀಕ್ಷೆಗೆ ಮುಂಚೆ ಬರಿಯೋ ಪಿಎಸ್‌ಎಟಿ ಬಗ್ಗೆ ಒಂದೇ ಮಾತು, ಒಂಬತ್ತರಲ್ಲಿ ಬರಿಯೋ ಪಿಎಸ್‌ಎಟಿ 8/9 ಬರೀ ಅಭ್ಯಾಸ, ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ಪಿಗೆ ಲೆಕ್ಕ ಆಗೋದು ಹನ್ನೊಂದನೇ ಗ್ರೇಡಿನ ಅಕ್ಟೋಬರಿಂದು.

ಮೇಲೆ ಹೇಳಿದ್ದೆಲ್ಲ ಚೆನ್ನಾಗಿ ಓದೋ ಮಕ್ಕಳ ಅಪ್ಪ ಅಮ್ಮನ ಚಿಂತೆ. ಆದ್ರೆ ಫ್ರೆಶ್‌ಮನ್ ವರ್ಷದಲ್ಲಿ ಕೌನ್ಸೆಲರ್ ಕಣ್ಣು ಹೆಚ್ಚು ಇರೋದು ಬೇರೆ ಮಕ್ಕಳ ಮೇಲೆ, ಮತ್ತೆ ಅದಕ್ಕೆ ಗಟ್ಟಿ ಕಾರಣ ಇದೆ. ಶಿಕಾಗೋ ಯೂನಿವರ್ಸಿಟಿಯ ಸಂಶೋಧಕರು 2005ರಲ್ಲಿ ಒಂದು ವರದಿ ತಂದ್ರು. ಒಂಬತ್ತನೇ ಗ್ರೇಡ್ ಮುಗಿಯೋ ಹೊತ್ತಿಗೆ ಹತ್ತಕ್ಕೆ ಹೋಗೋಕೆ ಬೇಕಾದಷ್ಟು ಕ್ರೆಡಿಟ್ ಇದ್ದು, ಮುಖ್ಯ ವಿಷಯಗಳಲ್ಲಿ ಒಂದು ಸೆಮಿಸ್ಟರ್ ಎಫ್‌ಗಿಂತ (ಫೇಲ್) ಜಾಸ್ತಿ ಇಲ್ಲದಿದ್ರೆ ಆ ಮಗು "ಆನ್ ಟ್ರ್ಯಾಕ್", ಅಂಥ ಮಕ್ಕಳು ನಾಲ್ಕು ವರ್ಷದಲ್ಲಿ ಗ್ರಾಜುಯೇಟ್ ಆಗೋ ಸಾಧ್ಯತೆ ಉಳಿದೋರಿಗಿಂತ ಮೂರೂವರೆ ಪಟ್ಟು. ಮುಂಚಿನ ಟೆಸ್ಟ್ ಸ್ಕೋರಿಗಿಂತ ಈ ಒಂದು ವರ್ಷವೇ ಹೆಚ್ಚು ಹೇಳ್ತಿತ್ತು. ಆಮೇಲೆ ಅಲ್ಲಿನ ಸ್ಕೂಲುಗಳು ಫ್ರೆಶ್‌ಮನ್ ಮಕ್ಕಳ ಹಾಜರಿ, ಗ್ರೇಡನ್ನ ಆಗಾಗ ನೋಡೋಕೆ ಶುರು ಮಾಡಿ, ಜಾರ್ತಿರೋ ಮಗುವನ್ನ ಅವಾಗ್ಲೇ ಕರೆದು ಕೂರಿಸ್ಕೊಂಡ್ರು. 2007ರಲ್ಲಿ 57 ಪರ್ಸೆಂಟ್ ಇದ್ದ ಆನ್ ಟ್ರ್ಯಾಕ್ ಮಕ್ಕಳು 2013ಕ್ಕೆ 82 ಪರ್ಸೆಂಟ್ ಆದ್ರು. ಹಾಗಾಗಿ ಅಕ್ಟೋಬರಲ್ಲಿ ಮಗುವಿಗೆ ಡಿ ಬಂದಿದೆ ಅಂತ ಕೌನ್ಸೆಲರ್ ಫೋನ್ ಮಾಡಿದ್ರೆ ಮರ್ಯಾದೆ ಹೋಯ್ತು ಅಂತ ಮುಚ್ಚಿಟ್ಕೊಂಡು ಮನೇಲಿ ಮಗುಗೆ ಬಯ್ಯೋದು ಬಿಟ್ಟು ಹೋಗಿ ಮಾತಾಡಿ. ಟ್ಯೂಟರಿಂಗ್, ಫೇಲಾದ ಕ್ಲಾಸನ್ನ ಮತ್ತೆ ಮುಗಿಸೋ ಕ್ರೆಡಿಟ್ ರಿಕವರಿ, ಕಲಿಕೆಯ ತೊಂದರೆ ಏನಾದ್ರೂ ಇದ್ರೆ ಕ್ಲಾಸಲ್ಲಿ ಅನುಕೂಲ ಮಾಡಿಕೊಡೋ 504 ಪ್ಲಾನು, ಎಲ್ಲಾದಕ್ಕೂ ಅವರೇ ಮೊದಲ ಮೆಟ್ಟಿಲು.

ದುಡ್ಡಿನ ವಿಷಯ ಒಂಬತ್ತರಲ್ಲಿ ಯಾಕೆ ಅನ್ಸುತ್ತೆ. ಫ್ಯಾಫ್ಸಾ ಅಂತ ಕೇಂದ್ರ ಸರ್ಕಾರದ ನೆರವಿನ ಅರ್ಜಿ ಹಾಕೋದು ಸೀನಿಯರ್ ವರ್ಷದಲ್ಲೇ, ಆದ್ರೆ ಅವರು ನೋಡೋ ಟ್ಯಾಕ್ಸ್ ಎರಡು ವರ್ಷ ಹಿಂದಿನದು. 2025ರ ಶರತ್ಕಾಲದಲ್ಲಿ ಒಂಬತ್ತಕ್ಕೆ ಸೇರಿದ ಮಗು 2029ಕ್ಕೆ ಕಾಲೇಜು ಸೇರುತ್ತೆ, ನೋಡೋದು 2027ರ ಆದಾಯ, ಅಂದ್ರೆ ಮಗು ಹತ್ತನೇ ಗ್ರೇಡಲ್ಲಿರೋವಾಗ ಜನವರಿ 1ಕ್ಕೇ ಆ ಲೆಕ್ಕದ ವರ್ಷ ಶುರು. ಆ ವರ್ಷ ಊರಲ್ಲಿನ ಸೈಟು ಮಾರಿದ್ರೋ, ಕಂಪನಿ ಷೇರು ಮಾರಿದ್ರೋ, ಅದೂ ಕಾಣುತ್ತೆ. ಎಲ್ಲ ಕಾಲೇಜಿನ ವೆಬ್‌ಸೈಟಲ್ಲೂ 2011ರಿಂದ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರ್ಲೇಬೇಕು ಅಂತ ಕಾನೂನಿದೆ, ಅದರಲ್ಲೊಂದು ಸಲ ನಿಮ್ಮ ನಂಬರ್ ಹಾಕಿ ನೋಡಿ, ಬೋರ್ಡಲ್ಲಿ ಬರೆದಿರೋ ಫೀಸೇ ಬೇರೆ, ನಿಮ್ಮ ಕೈಯಿಂದ ಹೋಗೋದೇ ಬೇರೆ.

ಎಚ್-1ಬಿಲಿ ಇರೋರು ಇದನ್ನ ಇನ್ನೂ ಗಮನ ಇಟ್ಟು ಓದಿ. ಅಪ್ಪ ಅಮ್ಮನ ಎಚ್-1ಬಿ ಮೇಲೆ ಬಂದಿರೋ ಎಚ್-4 ವೀಸಾದ ಮಗುವಿಗೆ ಫೆಡರಲ್ ನೆರವು ಸಿಗಲ್ಲ, ಫ್ರೆಂಡ್ಸೆಲ್ಲ ಐಸ್‌ಕ್ರೀಂ ಅಂಗಡೀಲಿ ಪಾರ್ಟ್ ಟೈಮ್ ಮಾಡ್ತಿದ್ರೂ ಈ ಮಗು ಸಂಬಳದ ಕೆಲಸ ಮಾಡೋ ಹಾಗಿಲ್ಲ, 21 ತುಂಬಿದ್ರೆ ಆ ಸ್ಟೇಟಸ್ಸೇ ಇರಲ್ಲ. ರಾಜ್ಯದ ಒಳಗಿನೋರ ಫೀಸ್ ಸಿಗುತ್ತಾ ಅನ್ನೋದು ಆಯಾ ರಾಜ್ಯದ ನಿಯಮ. ನಿಮ್ಮ ಕೌನ್ಸೆಲರಿಗೆ ಇದೆಲ್ಲ ತಾನಾಗೇ ಗೊತ್ತಿರುತ್ತೆ ಅಂದ್ಕೋಬೇಡಿ. ಅವರು ಮಗುವಿನ ವೀಸಾ ಕೇಳೋದೇ ಇಲ್ಲ, ಕೇಳಲೂಬಾರ್ದು. ನಮ್ಮ ಪರಿಚಯದ ಒಂದು ಹುಡುಗ ಹನ್ನೊಂದನೇ ಗ್ರೇಡಲ್ಲಿ ಕೌನ್ಸೆಲರ್ ಕೊಟ್ಟ ಸಂಬಳದ ಇಂಟರ್ನ್‌ಶಿಪ್ ಪಟ್ಟಿಲಿ ನಾಲ್ಕಕ್ಕೆ ಅರ್ಜಿ ಹಾಕಿ, ಒಂದು ಸಿಕ್ಕಿ, ಸೇರೋ ದಿನ ಕಾಗದ ಕೇಳಿದಾಗ ತಲೆ ತಗ್ಗಿಸ್ಕೊಂಡು ಮನೆಗೆ ಬಂದ. ಒಂಬತ್ತರಲ್ಲೇ ನೀವಾಗೇ ಹೇಳಿದ್ರೆ ಅವರು ಸಂಬಳ ಇಲ್ಲದ ಸ್ವಯಂಸೇವೆ, ಪೌರತ್ವ ಕೇಳದ ಸ್ಕಾಲರ್‌ಶಿಪ್ಪು ಇಂಥವನ್ನ ಹುಡುಕಿ ಕೊಡ್ತಾರೆ. ವೀಸಾದ ಕಾನೂನು ಪ್ರಶ್ನೆ ಮಾತ್ರ ವಕೀಲರಿಗೇ ಬಿಡಿ.

ಇನ್ನು ಅವರನ್ನ ಯಾವಾಗ ಹಿಡಿಯೋದು? ಆಗಸ್ಟಲ್ಲಿ ಎಲ್ಲರೂ ಟೈಮ್‌ಟೇಬಲ್ ಬದಲಾಯಿಸಿ ಅಂತ ಬಾಗಿಲ ಮುಂದೆ ಕ್ಯೂ, ಅಕ್ಟೋಬರ್ ನವೆಂಬರ್ ಸೀನಿಯರ್‌ಗಳ ಅರ್ಜಿ ಕಾಲ, ಆಗ ಹೋದ್ರೆ ಮಾತಾಡ್ಸೋಕೂ ಪುರುಸೊತ್ತಿರಲ್ಲ. ನಮ್ಮ ಕಡೆ ಮುಂದಿನ ವರ್ಷದ ಕ್ಲಾಸ್ ಆರಿಸೋ ಫಾರ್ಮ್ ಬರೋದು ಫೆಬ್ರವರಿಲಿ, ಅದಕ್ಕೆ ಮುಂಚೆ ಜನವರಿಲಿ ಹೋದ್ರೆ ಕೂತು ಮಾತಾಡ್ತಾರೆ. ಮೇಲ್ ಮಗುನೇ ಬರೀಲಿ. ನಾಲ್ಕು ಸಾಲು ಸಾಕು, ಹೆಸರು, ಯಾವ ಗ್ರೇಡು, ಮುಂದಿನ ವರ್ಷದ ಬಗ್ಗೆ ಎರಡು ಪ್ರಶ್ನೆ, ಯಾವ ಪೀರಿಯಡಲ್ಲಿ ಬಿಡುವಿದೆ. ಮೂರು ವರ್ಷ ಆದ್ಮೇಲೆ ಈ ಮಗು ಬಗ್ಗೆ ಲೆಟರ್ ಬರಿಯೋರು ಅವರೇ ತಾನೇ, ಅಷ್ಟು ಹೊತ್ತಿಗೆ ಅವರಿಗೆ ನೆನಪಿರ್ಬೇಕಾಗಿರೋದು ಮಗು ಮುಖ, ನಮ್ಮದಲ್ಲ. ಯುಸಿಯೋರು ಸಾಮಾನ್ಯವಾಗಿ ಲೆಟರ್ ಕೇಳಲ್ಲ, ಪ್ರೈವೇಟ್ ಕಾಲೇಜುಗಳು ಬಹಳಷ್ಟು ಕೇಳ್ತವೆ.

ಮಗಳ ಮೊದಲ ಮೇಲನ್ನ ನಾನು ತಿದ್ದೋಕೆ ಹೋಗಿದ್ದೆ, "ಅಮ್ಮ ಪ್ಲೀಸ್" ಅಂತ ಲ್ಯಾಪ್‌ಟಾಪ್ ಆ ಕಡೆ ತಿರುಗಿಸ್ಕೊಂಡ್ಲು. ಈ ಫೆಬ್ರವರಿಲಿ ಹತ್ತನೇ ಗ್ರೇಡಿನ ಫಾರ್ಮ್ ಬಂತು. ಕೆಮಿಸ್ಟ್ರಿ, ಜಾಮೆಟ್ರಿ, ಇಂಗ್ಲಿಷ್, ವರ್ಲ್ಡ್ ಹಿಸ್ಟರಿ, ಸ್ಪ್ಯಾನಿಷ್ 2, ಆರನೇದಕ್ಕೆ ಸೆರಾಮಿಕ್ಸ್ 2 ಅಂತ ಬರೆದು, ಅಳಿಸಿ, ಕಂಪ್ಯೂಟರ್ ಸೈನ್ಸ್ ಅಂತ ಬರೆದು, ಅದನ್ನೂ ಅಳಿಸಿ ಇಟ್ಟಿದಾಳೆ. ಹಾಳೆ ಆ ಜಾಗದಲ್ಲಿ ಸ್ವಲ್ಪ ತೆಳ್ಳಗಾಗಿದೆ. ಶುಕ್ರವಾರದೊಳಗೆ ಕೊಡ್ಬೇಕು, ಗುರುವಾರ ಲಂಚ್ ಟೈಮಲ್ಲಿ ಕೌನ್ಸೆಲರ್ ಹತ್ರ ಹತ್ತು ನಿಮಿಷ ತಗೊಂಡಿದೀನಿ ಅಂದ್ಲು, ನಾನು ಬರಬೇಕಾಗಿಲ್ಲವಂತೆ.